ಫ್ರೇಮ್ ಇಲ್ಲದ ಬಾಗಿಲು, ಹೊಸ ಗ್ಲಾಸು, 80 ದಾಟಿದರೆ ಕುಕ್ಕರ್ ಕೂಗು

ಹಳೇ ಜಿಟಿ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಗಾಡಿ 2016ರ ಬಿಎಂಡಬ್ಲ್ಯು 320ಡಿ ಜಿಟಿ, ಕಂಪನಿಯ ಮಾಡೆಲ್ ಸಂಕೇತ ಎಫ್34. ನಾನು ಎರಡನೇ ಓನರ್, 78,000 ಕಿಲೋಮೀಟರ್ ಓಡಿದೆ. ಈ ಗಾಡಿ ನೋಡದವರಿಗೆ ಹೇಳ್ತೀನಿ: ನಾಲ್ಕೂ ಬಾಗಿಲಲ್ಲಿ ಗ್ಲಾಸಿನ ಸುತ್ತ ಫ್ರೇಮ್ ಇಲ್ಲ. ಬಾಗಿಲು ತೆಗೆದರೆ ಗ್ಲಾಸು ಬೋಳು ಬೋಳಾಗಿ ನಿಂತಿರುತ್ತೆ. ನಾನು ಮನಸೋತದ್ದೇ ಅದಕ್ಕೆ, ಈಗ ಅನುಭವಿಸ್ತಾ ಇರೋದೂ ಅದನ್ನೇ.

ಹೋದ ತಿಂಗಳು ನಮ್ಮ ಲೇಔಟಿನ ಪಾರ್ಕಲ್ಲಿ ಹುಲ್ಲು ಕತ್ತರಿಸ್ತಿದ್ದ ಮಿಷನ್ನಿಂದ ಒಂದು ಕಲ್ಲು ಹಾರಿ ಡ್ರೈವರ್ ಬದಿಯ ಗ್ಲಾಸಿಗೆ ಬಿತ್ತು. ಕಡಲೆಕಾಳಿನಷ್ಟು ಕಲ್ಲು. ಠಪ್ ಅಂತ ಒಂದು ಸದ್ದು, ಅಷ್ಟೇ, ಇಡೀ ಗ್ಲಾಸು ಕಲ್ಲುಸಕ್ಕರೆ ಥರ ಸೀಟಿನ ಮೇಲೆ ಸುರೀತು. ಹುಲ್ಲು ಕತ್ತರಿಸ್ತಿದ್ದವರು ಮಿಷನ್ ಆರಿಸಿ ನನಗಿಂತ ಹೆಚ್ಚು ಹೆದರಿ ನಿಂತಿದ್ದರು. ಅವರ ಹತ್ತಿರ ಏನು ಕೇಳೋದು, ಹೋಗ್ರಪ್ಪಾ ಅಂದೆ.

ಪರಿಚಯದವರು ಹೇಳಿದ ಒಂದು ಗ್ಲಾಸ್ ಅಂಗಡಿಗೆ ಕೊಟ್ಟೆ. ಎರಡೇ ಗಂಟೆಯಲ್ಲಿ ಹಾಕಿ ಕೊಟ್ಟರು, ಆಗ ಖುಷಿಯೇ ಆಯ್ತು. ಮಾರನೇ ದಿನ ಮೈಸೂರು ಹೈವೇ ಹತ್ತಿ ಬಿಡದಿ ದಾಟಿ 80ಕ್ಕೆ ಬಂದೆ ನೋಡಿ, ಬಲಗಿವಿಯ ಹಿಂದೆ ಸುಯ್ಯ್ ಅಂತ ಶುರು. 90ಕ್ಕೆ ಇನ್ನೂ ಜೋರು. ಪಕ್ಕದಲ್ಲಿ ಕೂತಿದ್ದ ಹೆಂಡತಿ "ಎಷ್ಟು ಕೂಗು ಆಯ್ತು, ಆರಿಸಲಾ?" ಅಂದಳು.

ಅದೊಂದೇ ಅಲ್ಲ. ಗಾಡಿ ತೊಳೆದರೆ ಅದೇ ಮೂಲೆಯಿಂದ, ಅಂದರೆ ಗ್ಲಾಸಿನ ಮೇಲ್ಭಾಗದ ಹಿಂದಿನ ತುದಿಯಿಂದ, ಸೀಟ್ ಬೆಲ್ಟಿನ ಮೇಲೆ ನೀರು ತೊಟ್ಟಿಕ್ಕುತ್ತೆ. ಕೆಲವು ಸಲ ಬಾಗಿಲು ಹಾಕುವಾಗ ಗ್ಲಾಸು ಬೀಡಿಂಗಿನ (ಬಾಗಿಲ ಕಿಂಡಿಯ ಸುತ್ತಲಿನ ರಬ್ಬರ್ ಪಟ್ಟಿ) ಅಂಚಿಗೆ ತಾಗಿ ಟಕ್ ಅನ್ನುತ್ತೆ.

ವಾಪಸ್ ಹೋದೆ. "ಹೊಸ ಗ್ಲಾಸು ಸಾರ್, ಒಂದು ತಿಂಗಳು ಓಡಿಸಿ, ಸೆಟ್ ಆಗುತ್ತೆ" ಅಂದರು. ಗ್ಲಾಸು ಸೆಟ್ ಆಗೋಕೆ ಅದೇನು ಹೊಸ ಚಪ್ಪಲಿಯಾ? ಜೋರು ಮಾಡಿದ ಮೇಲೆ ಒಬ್ಬ ಹುಡುಗ ಬಂದು ಬಾಗಿಲಿಗೆ ಮಂಡಿ ಕೊಟ್ಟು, ಗ್ಲಾಸಿನ ತುದಿ ಎರಡೂ ಕೈಯಲ್ಲಿ ಹಿಡಿದು ಒಳಗೆ ಎಳೆಯೋಕೆ ಶುರು ಮಾಡಿದ. ನಾನು ಕಿರುಚಿದೆ. ಕೊನೆಗೆ ಬೀಡಿಂಗಿನ ಒಳಗೆ ಸ್ಪಂಜಿನ ಪಟ್ಟಿ ತುರುಕಿ ಕಳಿಸಿದರು. ಈಗ ಕೂಗು ಅರ್ಧ ಆಗಿದೆ, ಆದರೆ ಬಾಗಿಲನ್ನ ಅಂಬಾಸಿಡರ್ ಥರ ಬಡಿದು ಹಾಕಬೇಕು.

ಗ್ಲಾಸೇ ಸರಿಯಿಲ್ವಾ? ಬೀಡಿಂಗ್ ಹೊಸದು ತರಿಸಬೇಕಾ? ಯಾರಾದರೂ ಮಾಡಿಸಿದವರು ಇದ್ದರೆ ಹೇಳಿ.

ನೈಸ್ ರೋಡ್ ನಾಗ

ಬೀಡಿಂಗ್ ಬದಲಾಯಿಸಿ ಗುರು, ಅಷ್ಟೇ. ನನ್ನ ಸೆಡಾನಲ್ಲೂ ಗಾಳಿ ಸದ್ದು ಇತ್ತು, ಜೆ.ಸಿ. ರೋಡಲ್ಲಿ ಹೊಸ ಬೀಡಿಂಗ್ ಹಾಕಿಸಿದೆ, ಕ್ಲೋಸ್.

ಶಾರ್ಜಾ ರಿಟರ್ನ್ (ಬ್ರಹ್ಮಾವರ)

ಬೀಡಿಂಗಿಗೆ ಕೈ ಹಾಕ್ಬೇಡಿ ಮಾರಾಯ್ರೆ. ನಾಗಣ್ಣನ ಗಾಡಿಗೆ ಫ್ರೇಮ್ ಉಂಟು, ಆ ಲೆಕ್ಕ ಇಲ್ಲಿ ಆಗುದಿಲ್ಲ. ಕಲ್ಲು ಬಿದ್ದದ್ದು ಗ್ಲಾಸಿಗೆ, ಬೀಡಿಂಗಿಗೆ ಅಲ್ಲ. ಹಿಂದಿನ ದಿನದವರೆಗೆ ಸದ್ದಿಲ್ಲದೆ ಇದ್ದ ಬೀಡಿಂಗ್ ಒಂದೇ ದಿನದಲ್ಲಿ ಹಾಳಾಗುದು ಹೇಗೆ?

ನಾನು ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ 17 ವರ್ಷ ಗ್ಲಾಸಿನ ಕೆಲಸವೇ ಮಾಡಿದ್ದು. ಅಲ್ಲಿ ಎರಡು ಬಾಗಿಲಿನ ಬೆಂಜ್, ಸಿಎಲ್ಎಸ್, ನಿಮ್ಮಂಥ ಜಿಟಿ ಎಲ್ಲ ದಿನಾ ಬರ್ತಿತ್ತು. ಈಗ ಊರಲ್ಲಿ ಇದ್ದೇನೆ, ಇಲ್ಲಿ ಅಂಥದ್ದು ವರ್ಷಕ್ಕೆ ಒಂದು ಬಂದ್ರೆ ಹಬ್ಬ.

ಮಾಮೂಲಿ ಕಾರಲ್ಲಿ ಗ್ಲಾಸು ಫ್ರೇಮಿನ ಚಾನಲ್ಲಿನ ಒಳಗೆ ಹೋಗಿ ಕೂರ್ತದೆ. ಸ್ವಲ್ಪ ಸೊಟ್ಟ ಇದ್ರೂ ಫ್ರೇಮು ಕಿವಿ ಹಿಂಡಿ ದಾರಿಗೆ ತರ್ತದೆ. ನಿಮ್ಮದರಲ್ಲಿ ಕಿವಿ ಹಿಂಡುವವರು ಯಾರೂ ಇಲ್ಲ. ಕೆಳಗೆ ಮಿಷನ್, ಅಂದ್ರೆ ಗ್ಲಾಸನ್ನು ಏರಿಸಿ ಇಳಿಸುವ ಯಂತ್ರ, ಕಚ್ಚಿಕೊಂಡ ಜಾಗ ಬಿಟ್ರೆ ಗ್ಲಾಸು ಗಾಳಿಯಲ್ಲೇ ನಿಂತದ್ದು. ಕೆಳಗೆ ಕೂದಲೆಳೆಯಷ್ಟು ತಪ್ಪಿದ್ರೆ ಮೇಲಿನ ತುದಿಯಲ್ಲಿ ಅದು ಮಿಲಿಮೀಟರ್ ಲೆಕ್ಕಕ್ಕೆ ಬರ್ತದೆ. ಹಾಗಾಗಿ ಗ್ಲಾಸು ಹಾಕುದು ಅರ್ಧ ಕೆಲಸ. ಅದನ್ನು ಕೂರಿಸುದು ಇನ್ನರ್ಧ, ಆ ಅರ್ಧವನ್ನು ನಿಮ್ಮ ಅಂಗಡಿಯವರು ಮಾಡಲೇ ಇಲ್ಲ.

80 ಆದ ಮೇಲೆಯೇ ಯಾಕೆ ಕೂಗುದು? ಗಾಡಿ ಓಡುವಾಗ ಹೊರಗಿನ ಗಾಳಿ ಗ್ಲಾಸಿನ ಪಕ್ಕದಲ್ಲಿ ಜೋರಾಗಿ ಹರೀತದೆ, ಅಲ್ಲಿ ಒತ್ತಡ ಕಮ್ಮಿ ಆಗ್ತದೆ. ಒಳಗಿನ ಗಾಳಿ ಗ್ಲಾಸನ್ನು ಹೊರಗೆ ದೂಡ್ತದೆ. ಫ್ರೇಮ್ ಇಲ್ಲದ ಗ್ಲಾಸು ಹೊರಗೆ ವಾಲಿ ಬೀಡಿಂಗಿನಿಂದ ಬಿಡ್ತದೆ, ಸೀಟಿ ಶುರು. ಇದು ಕಂಪನಿಯವರಿಗೆ ಗೊತ್ತಿಲ್ಲದ್ದಲ್ಲ. ಅದಕ್ಕೇ ಗ್ಲಾಸನ್ನು ಮೊದಲೇ ಸ್ವಲ್ಪ ಒಳಗೆ ವಾಲಿಸಿ ಇಡ್ತಾರೆ, ಬಾಗಿಲು ಹಾಕಿದಾಗ ಅದು ಬೀಡಿಂಗನ್ನು ಒತ್ತಿಕೊಂಡೇ ಕೂರ್ಬೇಕು. ನಿಮ್ಮಲ್ಲಿ ಆ ವಾಲು ಹೋಗಿದೆ. ಹಿಂದಿನ ಮೇಲಿನ ಮೂಲೆಯೇ ಮಿಷನ್ನಿಂದ ಬಹಳ ದೂರದ್ದು, ತೊಂದರೆ ಮೊದಲು ತೋರುದು ಅಲ್ಲಿಯೇ.

ಆ ಹುಡುಗ ಮಂಡಿ ಕೊಟ್ಟು ಎಳೆದದ್ದು ಇದೇ ವಾಲನ್ನು ತರ್ಲಿಕ್ಕೆ. ಆಲೋಚನೆ ಸರಿ, ದಾರಿ ತಪ್ಪು. ಹಾಗೆ ಎಳೆದ್ರೆ ಬಾಗುದು ಗ್ಲಾಸು ಏರಿಳಿಯುವ ಒಳಗಿನ ಹಳಿ. ವಾಲಿಗೆ ಬೇರೆಯೇ ಸ್ಕ್ರೂ ಇರ್ತದೆ, ಮಿಷನ್ನಿನ ಹಳಿಯ ಕೆಳಗಿನ ತುದಿಯನ್ನು ಒಳಗೆ ಹೊರಗೆ ಸರಿಸ್ಲಿಕ್ಕೆ. ಕೆಲವು ಗಾಡಿಯಲ್ಲಿ ಬಾಗಿಲಿನ ಅಡಿಯ ರಬ್ಬರ್ ಮುಚ್ಚಳ ತೆಗೆದ್ರೆ ಸಿಗ್ತದೆ, ಕೆಲವದರಲ್ಲಿ ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ಬಿಚ್ಚಬೇಕು.

ಈಗ ಒಂದು ಕೆಲಸ ಮಾಡಿ. ಮೊದಲು ಆ ಸ್ಪಂಜ್ ಕಿತ್ತು ಬಿಸಾಡಿ, ಅದು ಇದ್ದಷ್ಟು ಕಾಲ ಯಾವ ಅಳತೆಯೂ ಸರಿ ಬರ್ಲಿಕ್ಕಿಲ್ಲ. ಮತ್ತೆ ಒಂದು ನೋಟ್‌ಬುಕ್ ಹಾಳೆಯನ್ನು ಎರಡು ಬೆರಳು ಅಗಲಕ್ಕೆ ಹರೀರಿ. ಗ್ಲಾಸಿಗೂ ಬೀಡಿಂಗಿಗೂ ಮಧ್ಯೆ ಇಟ್ಟು ಬಾಗಿಲು ಹಾಕಿ, ಮೆಲ್ಲ ಎಳೀರಿ. ಕನ್ನಡಿ ಹತ್ತಿರದಿಂದ ಶುರು ಮಾಡಿ ಹಿಂದಿನ ಕಂಬದವರೆಗೆ ಒಂದೊಂದು ಗೇಣಿಗೆ ಹೀಗೇ ನೋಡಿ. ಆಮೇಲೆ ಎಡಬದಿಯ ಮುಂದಿನ ಬಾಗಿಲಿಗೂ ಮಾಡಿ. ಅದನ್ನು ಯಾರೂ ಬಿಚ್ಚಿಲ್ಲ ಅಲ್ವಾ? ಅದೇ ನಿಮ್ಮ ಗುರು. ಎಷ್ಟು ಬಿಗಿ, ಗ್ಲಾಸಿನ ತುದಿ ಬೀಡಿಂಗಿನೊಳಗೆ ಎಷ್ಟು ಮುಳುಗಿದೆ, ಹೊರಗಿಂದ ನೋಡಿದ್ರೆ ಹಿಂದಿನ ಗ್ಲಾಸಿಗೂ ಮುಂದಿನದಕ್ಕೂ ಸಂದು ಸಮ ಉಂಟಾ, ಎಲ್ಲ ಅಲ್ಲಿ ನೋಡಿ ಬರೆದುಕೊಳ್ಳಿ. ಬರೆದದ್ದನ್ನು ಇಲ್ಲಿ ಹಾಕಿ.

ಹಳೇ ಜಿಟಿ (ಬೆಂಗಳೂರು)

ಗುರುಗಳೇ, ಮಾಡಿದೆ. ಎಡಬದಿಯಲ್ಲಿ ಹಾಳೆ ಎಲ್ಲ ಕಡೆ ಒಂದೇ ಸಮ ಬಿಗಿ, ಎಳೆದರೆ ಕಷ್ಟಪಟ್ಟು ಬರುತ್ತೆ. ಬಲಬದಿಯಲ್ಲಿ ಕನ್ನಡಿ ಹತ್ತಿರ ಎಳೆದರೆ ಹರಿದೇ ಹೋಯ್ತು. ಮಧ್ಯದಲ್ಲಿ ಸರಿ. ಹಿಂದಿನ ಮೂಲೆಗೆ ಬಂದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಜಾರಿ ಬಂತು. ಇನ್ನೊಂದು ಗಮನಿಸಿದೆ: ಹಿಡಿಕೆ ಎಳೆದಾಗ ಎಡಬದಿ ಗ್ಲಾಸು ತಕ್ಷಣ ಸುಮಾರು ಒಂದು ಸೆಂಟಿಮೀಟರ್ ಇಳಿಯುತ್ತೆ. ಬಲಬದಿಯದು ಒಂದೊಂದು ಸಲ ಇಳಿಯುತ್ತೆ, ಒಂದೊಂದು ಸಲ ಇಲ್ಲ.

ಪಾಲಿಸಿ ಪರಮೇಶಿ (ದಾವಣಗೆರೆ)

ನಡುವೆ ಒಂದು ಮಾತು. ಕೈಯಿಂದ ದುಡ್ಡು ಕೊಟ್ಟಿದ್ದೀರಾ ಇಲ್ಲಾ ಕ್ಲೇಮ್ ಮಾಡಿದ್ದೀರಾ? ಬಹಳ ಜನಕ್ಕೆ ಗೊತ್ತಿಲ್ಲ, ಸಮಗ್ರ ಪಾಲಿಸಿಯಲ್ಲಿ ಗಾಜಿನ ಭಾಗಕ್ಕೆ ಸವಕಳಿ ಕಡಿತ ಇಲ್ಲ, ಸವಕಳಿ ಕಡಿತ ತಪ್ಪಿಸುವ ಝೀರೋ ಡೆಪ್ ಆಡ್-ಆನ್ ತಗೊಳ್ಳದಿದ್ದರೂ ಇಲ್ಲ. ರಬ್ಬರು, ಪ್ಲಾಸ್ಟಿಕ್ಕಿಗಾದರೆ 50% ಕತ್ತರಿಸ್ತಾರೆ. 1500 ಸಿಸಿ ಮೇಲಿನ ಗಾಡಿಗೆ ಕಡ್ಡಾಯವಾಗಿ ನಿಮ್ಮ ಜೇಬಿಂದ ಹೋಗೋದು 2,000 ರೂಪಾಯಿ. ನೋ ಕ್ಲೇಮ್ ಬೋನಸ್ 50% ತಲುಪಿದ್ದರೆ ಅದು ಹೋಗೋದು ಎಷ್ಟು, ಗ್ಲಾಸಿನ ಬಿಲ್ ಎಷ್ಟು, ಎರಡನ್ನೂ ಕೂಡಿ ಕಳೆದು ನೋಡಿ. ಬೋನಸ್ ಉಳಿಸುವ ಆಡ್-ಆನ್ ಇದ್ದರೆ ಯೋಚನೆಯೇ ಬೇಡ.

ಶಾರ್ಜಾ ರಿಟರ್ನ್ (ಬ್ರಹ್ಮಾವರ)

ನೋಡಿ, ಹಾಳೆಯೇ ಎಲ್ಲ ಹೇಳಿತು. ಮುಂದೆ ಹರೀತದೆ, ಹಿಂದೆ ಜಾರ್ತದೆ ಅಂದ್ರೆ ಗ್ಲಾಸು ಮುಂದಕ್ಕೆ ಎತ್ತಿ ಹಿಂದಕ್ಕೆ ತಗ್ಗಿ ಕೂತಿದೆ, ಮೇಲಿಂದ ವಾಲೂ ಕಮ್ಮಿ. ಬರೇ ವಾಲು ಸರಿ ಮಾಡಿದ್ರೆ ಸಾಕಾಗುದಿಲ್ಲ.

ಕೆಲಸಕ್ಕೆ ಕ್ರಮ ಉಂಟು. ಮೊದಲು ಬಾಗಿಲು ತಾನೇ ಸರಿ ಕೂತಿದೆಯಾ ನೋಡ್ಬೇಕು, ಬಾಗಿಲೇ ಜೋತು ಬಿದ್ದಿದ್ರೆ ಗ್ಲಾಸಿನ ಮೇಲೆ ಎಷ್ಟು ಪ್ರಯೋಗ ಮಾಡಿದ್ರೂ ವ್ಯರ್ಥ. ಮತ್ತೆ ಗ್ಲಾಸಿನ ಮುಂದೆ ಹಿಂದೆ ಮತ್ತು ಸೊಟ್ಟ. ಅದಾದ ಮೇಲೆ ಎತ್ತರ, ಅಂದ್ರೆ ಮೇಲೆ ಎಲ್ಲಿ ನಿಲ್ಲಬೇಕು ಅಂತ ತಡೆಯುವ ಸ್ಟಾಪ್. ಕೊನೆಗೆ ವಾಲು. ಇದನ್ನು ಉಲ್ಟಾ ಮಾಡಿದವರು ಸಂಜೆವರೆಗೆ ತಿರುಗಿಸ್ತಾ ಕೂರ್ತಾರೆ, ಒಂದು ಸರಿ ಮಾಡುವಾಗ ಇನ್ನೊಂದು ತಪ್ಪುತ್ತದೆ. ಗ್ಲಾಸು ಹಿಡಿಯುವ ಬೋಲ್ಟನ್ನು ಬಿಗಿ ಅಳೆಯುವ ಟಾರ್ಕ್ ರೆಂಚಲ್ಲಿ, ಕಂಪನಿಯ ಪುಸ್ತಕದಲ್ಲಿ ಬರೆದಷ್ಟೇ ಬಿಗೀಬೇಕು. ಟೆಂಪರ್ಡ್ (ಕಾಯಿಸಿ ಗಟ್ಟಿ ಮಾಡಿದ) ಗ್ಲಾಸಿಗೆ ಆ ಜಾಗದಲ್ಲಿ ಒತ್ತಡ ಜಾಸ್ತಿ ಆದ್ರೆ ಒಂದು ದಿನ ಬಿಸಿಲಲ್ಲಿ ನಿಂತಿರುವಾಗ ಯಾರೂ ಮುಟ್ಟದೆಯೇ ಪುಡಿ ಆಗಬಹುದು.

ಗ್ಲಾಸು ಒಮ್ಮೆ ಇಳಿದು ಒಮ್ಮೆ ಇಳಿಯದ್ದು ಬೇರೆ ಕಥೆ. ಹಿಡಿಕೆ ಎಳೆದ ಕೂಡಲೇ ಗ್ಲಾಸು ಬೀಡಿಂಗಿನ ತುಟಿಯಿಂದ ಕೆಳಗೆ ಇಳೀಬೇಕು, ಬಾಗಿಲು ಹಾಕಿದ ಮೇಲೆ ಮತ್ತೆ ಹತ್ತಿ ತುಟಿಯೊಳಗೆ ಹೋಗ್ಬೇಕು. ಇಳಿಯದೆ ಇದ್ದಾಗಲೇ ನಿಮಗೆ ಟಕ್ ಕೇಳುದು. ಮೋಟರು ತಾನು ಎಲ್ಲಿದ್ದೇನೆ ಅಂತ ಲೆಕ್ಕ ಇಟ್ಟುಕೊಳ್ತದೆ. ನಿಮ್ಮವರು ಹೊಸ ಗ್ಲಾಸಿಗೆ ಆ ಲೆಕ್ಕವನ್ನು ಕಲಿಸ್ಲಿಲ್ಲ, ಅಥವಾ ಮೊದಲೇ ಕಲಿಸಿ ಆಮೇಲೆ ಎತ್ತರ ಬದಲಾಯಿಸಿದ್ದಾರೆ. ಎಲ್ಲ ಹೊಂದಿಸಿ ಆದ ಮೇಲೆಯೇ ಕಲಿಸ್ಬೇಕು, ಬ್ಯಾಟರಿಗೆ ಚಾರ್ಜರ್ ಹಾಕಿಕೊಂಡು. ಕಲಿಸುವಾಗ ಕೈಬೆರಳು ದೂರ ಇಡಿ. ಅಷ್ಟರವರೆಗೆ ಏನಾದ್ರೂ ಸಿಕ್ಕಿಕೊಂಡ್ರೆ ನಿಲ್ಲುವ ಬುದ್ಧಿ ಗ್ಲಾಸಿಗೆ ಇರ್ಲಿಕ್ಕಿಲ್ಲ.

ಇಳಿತ ಸರಿ ಉಂಟಾ ನೋಡ್ಲಿಕ್ಕೆ ಬಾಗಿಲು ಹಾಕ್ಬೇಕಂತ ಇಲ್ಲ. ಬಾಗಿಲು ತೆರೆದೇ ಇಟ್ಟು ಲಾಕಿನ ನಾಲಿಗೆಯನ್ನು ಸ್ಕ್ರೂಡ್ರೈವರಲ್ಲಿ ಮುಚ್ಚಿ, ಗಾಡಿ ಬಾಗಿಲು ಹಾಕಿದೆ ಅಂತ ತಿಳ್ಕೊಂಡು ಗ್ಲಾಸು ಏರಿಸ್ತದೆ. ಹಿಡಿಕೆ ಎಳೀರಿ, ಇಳಿಸ್ತದೆ. ಹತ್ತು ಸಲ ಮಾಡಿ. ಆದ್ರೆ ದೇವ್ರಾಣೆ, ನಾಲಿಗೆ ಬಿಡಿಸದೆ ಬಾಗಿಲು ಹಾಕ್ಬೇಡಿ. ನಾನು ಶುರುವಿನ ವರ್ಷ ಒಮ್ಮೆ ಹಾಕಿದ್ದೆ, ಗ್ಲಾಸಿನ ದುಡ್ಡು ಸಂಬಳದಲ್ಲಿ ಮೂರು ತಿಂಗಳು ಕಟ್ ಆಯ್ತು.

ಪ್ಯಾಡ್ ಬಿಚ್ಚಿದಾಗ ಎರಡು ವಿಷಯ ನೋಡಿ. ಒಂದು, ಬಾಗಿಲಿನ ಹೊಟ್ಟೆಯಲ್ಲಿ ಹಳೆ ಗ್ಲಾಸಿನ ಚೂರು. ಎರಡು ಗಂಟೆಯಲ್ಲಿ ಕೆಲಸ ಮುಗಿಸಿದ್ದಾರೆ ಅಂದ್ರೆ ವ್ಯಾಕ್ಯೂಮ್ ಮಾಡಿರ್ಲಿಕ್ಕಿಲ್ಲ. ಅದು ನೀರು ಹೋಗುವ ತೂತು ಕಟ್ತದೆ, ಹೊಸ ಗ್ಲಾಸಿಗೂ ಗೀರು ಹಾಕ್ತದೆ. ಎರಡು, ಪ್ಯಾಡಿನ ಹಿಂದೆ ನೀರು ತಡೆಯುವ ಹಾಳೆ. ಕಪ್ಪು ಅಂಟಿನಲ್ಲಿ ಸುತ್ತ ಅಂಟಿಸಿರ್ತಾರೆ. ಅದು ಬಿಟ್ರೆ ಮಳೆಗೆ ಕಾಲಡಿಯ ಮ್ಯಾಟ್ ಒದ್ದೆ. ಅಷ್ಟೇ ಅಲ್ಲ, ಅಡ್ಡ ಡಿಕ್ಕಿ ಆದಾಗ ಬಾಗಿಲಿನ ಒಳಗಿನ ಗಾಳಿಯ ಒತ್ತಡ ನೋಡಿ ಏರ್‌ಬ್ಯಾಗಿಗೆ ಸುದ್ದಿ ಕೊಡುವ ಸೆನ್ಸರು ಹಲವು ಗಾಡಿಗಳಲ್ಲಿ ಅಲ್ಲೇ ಇರುದು. ತೂತು ಬಿದ್ದ ಬಾಗಿಲಲ್ಲಿ ಒತ್ತಡ ಹೇಗೆ ನಿಲ್ತದೆ?

ಗ್ಲಾಸಿನ ಮೂಲೆಯ ಗುರುತೂ ಓದಿ. ವೃತ್ತದೊಳಗೆ ಇ ಮತ್ತು ನಂಬ್ರ, 43ಆರ್ ಅಂತ ಇರ್ಬೇಕು, ಇಲ್ಲಿಯದಾದ್ರೆ ಐಎಸ್ 2553, ಎರಡೂ ಗಾಜಿನ ಗುಣಮಟ್ಟದ ಗುರುತು. ಟೆಂಪರ್ಡಾ ಲ್ಯಾಮಿನೇಟೆಡ್ಡಾ (ಎರಡು ಗಾಜಿನ ಮಧ್ಯೆ ಪ್ಲಾಸ್ಟಿಕ್ ಪದರ ಇರುವಂಥದ್ದು) ಅಂತ ಎಡಬದಿಯದಕ್ಕೆ ಹೋಲಿಸಿ. ದಪ್ಪ ಬೇರೆ ಬಂದ್ರೆ ಈ ಎಲ್ಲ ಹೊಂದಿಸುವ ಕಥೆ ಬೇಡ, ಗ್ಲಾಸು ವಾಪಸ್ ಕೊಡಿ.

ನೈಸ್ ರೋಡ್ ನಾಗ

ಬೀಡಿಂಗ್ ಮಾತು ವಾಪಸ್ ತಗೊಂಡೆ ಸ್ವಾಮಿ. ಒಂದು ಡೌಟು, ಬ್ಯಾಟರಿ ಸತ್ತರೆ ಇಂಥ ಗಾಡಿ ಬಾಗಿಲು ತೆಗೆಯೋದು ಹೇಗೆ?

ಶಾರ್ಜಾ ರಿಟರ್ನ್ (ಬ್ರಹ್ಮಾವರ)

ಮೆಲ್ಲ, ಕಳ್ಳನ ಹಾಗೆ. ಗ್ಲಾಸು ಇಳಿಯುದಿಲ್ಲ, ಬೀಡಿಂಗನ್ನು ಉಜ್ಜಿಕೊಂಡೇ ಬರ್ತದೆ. ತೆಗೆದ ಮೇಲೆ ಬಡಿದು ಹಾಕ್ಲಿಕ್ಕೇ ಇಲ್ಲ. ನಾವೇ ಬ್ಯಾಟರಿ ಬಿಚ್ಚುದಾದ್ರೆ ಮೊದಲು ಗ್ಲಾಸು ಎರಡು ಬೆರಳು ಇಳಿಸಿ ಇಡುದು.

ಹಳೇ ಜಿಟಿ (ಬೆಂಗಳೂರು)

ಹತ್ತು ದಿನ ಆದ ಮೇಲೆ ಬರೀತಿದ್ದೀನಿ. ಆ ಅಂಗಡಿಗೆ ಮತ್ತೆ ಹೋಗಲಿಲ್ಲ. ಬೇರೆ ಮೆಕ್ಯಾನಿಕ್ ಒಬ್ಬರಿಗೆ ಈ ಬರಹ ಪೂರ್ತಿ ಓದಿ ಹೇಳಿದೆ. ಅವರು ಅರ್ಧಕ್ಕೆ ನಿಲ್ಲಿಸಿ "ಇದು ಬರೆದವರು ಕೈಯಲ್ಲಿ ಕೆಲಸ ಮಾಡಿದವರು" ಅಂದರು.

ಪ್ಯಾಡ್ ಬಿಚ್ಚಿದರೆ ಹಿಂದಿನ ಹಾಳೆಯನ್ನ ಕಂದು ಬಣ್ಣದ ಪಾರ್ಸೆಲ್ ಟೇಪಲ್ಲಿ ಅಂಟಿಸಿದ್ದರು. ಬಾಗಿಲಿನ ಹೊಟ್ಟೆಯಿಂದ ಎರಡು ಬೊಗಸೆ ಚೂರು ಬಂತು. ಹಳಿಯ ಬೋಲ್ಟಿನ ಸುತ್ತ ಹಳೆಯ ವಾಷರಿನ ಅಚ್ಚು ಕಾಣ್ತಿತ್ತು, ಈಗಿನ ವಾಷರ್ ಅದರಿಂದ ಪಕ್ಕಕ್ಕೆ ಸರಿದು ಕೂತಿತ್ತು. ಬೋಲ್ಟ್ ಸಡಿಲಿಸೋ ಮುಂಚೆ ಗುರುತು ಹಾಕಿಕೊಂಡಿದ್ದರೆ ಇಷ್ಟೆಲ್ಲ ಆಗ್ತಿರಲಿಲ್ಲ ಅಂದರು ಮೆಕ್ಯಾನಿಕ್ಕು. ಗ್ಲಾಸು ಮಾತ್ರ ಸರಿಯಾದದ್ದೇ, ಗುರುತು ಎಡಬದಿಗೆ ಹೊಂದಿತು. ಪೂರ್ತಿ ಒಂದು ದಿನ ಹಿಡೀತು, ಅದರಲ್ಲಿ ಹಾಳೆ ಎಳೆದು ನೋಡಿದ್ದೇ ಎರಡು ಗಂಟೆ ಇರಬೇಕು. ನನ್ನ ಮಗಳ ಲೆಕ್ಕದ ನೋಟ್‌ಬುಕ್ ಮುಗೀತು.

ಭಾನುವಾರ ಮೈಸೂರಿಗೆ ಹೋದ್ವಿ. 100ರಲ್ಲಿ ಸದ್ದಿಲ್ಲ. ಹೆಂಡತಿ ಮದ್ದೂರು ಬೈಪಾಸ್ ತನಕ ನಿದ್ದೆ. ಪರಮೇಶಿಯವರೇ, ಕ್ಲೇಮ್ ಮಾಡಲಿಲ್ಲ, ಬೋನಸ್ 45%ಗೆ ಬಂದಿತ್ತು, ಬಿಡೋಕೆ ಮನಸ್ಸಾಗಲಿಲ್ಲ.

ಒಂದೇ ಒಂದು ಉಳಿದಿದೆ. ಬಾಗಿಲು ಹಾಕಿದಾಗ ಮಾತ್ರ ಒಳಗೆಲ್ಲೋ ಗಿಲ್ ಅಂತ ಸಣ್ಣ ಸದ್ದು.

ಶಾರ್ಜಾ ರಿಟರ್ನ್ (ಬ್ರಹ್ಮಾವರ)

ಒಂದು ಚೂರು ಇನ್ನೂ ಉಂಟು ಒಳಗೆ. ಬಾಗಿಲಿನ ಅಡಿಯಲ್ಲಿ ನೀರು ಹೋಗುವ ತೂತಿನ ಹತ್ತಿರ ನೋಡಿ, ಹೆಚ್ಚಾಗಿ ಅಲ್ಲೇ ಸಿಕ್ಕಿಕೊಂಡಿರ್ತದೆ. ಬರಿಗೈ ಹಾಕ್ಬೇಡಿ.