ಬ್ಲೋಟ್: ಬಲಿಯೋ, ಪೂಜೆಯೋ, ಎಡೆಯೋ?

ಬಲ್ಲವರಿಗೆಲ್ಲ ನಮಸ್ಕಾರ.

ಐಸ್‌ಲ್ಯಾಂಡಿನ ಆಸಾತ್ರೂ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದಿನ್, ಥಾರ್, ಫ್ರೇ ಮುಂತಾದ ಹಳೆಯ ದೇವರುಗಳ ಕಡೆಗೆ ಮತ್ತೆ ತಿರುಗಿದವರ ಪಂಥ ಅದು. ಅವರ ಸಂಘ 1972ರಲ್ಲಿ ಸ್ವೇನ್‌ಬ್ಯೋರ್ನ್ ಬೇನ್‌ಟೇನ್ಸನ್ ಎಂಬ ರೈತಕವಿಯ ಮುಂದಾಳತ್ವದಲ್ಲಿ ಶುರುವಾಯಿತು. ಮರುವರ್ಷವೇ ಸರ್ಕಾರದ ಮಾನ್ಯತೆಯೂ ಸಿಕ್ಕಿತು. ಅವರು ಕೂಡಿ ನಡೆಸುವ ಆಚರಣೆಯ ಹೆಸರು ಬ್ಲೋಟ್. ಇದಕ್ಕೆ ಕನ್ನಡದಲ್ಲಿ ಏನನ್ನೋಣ?

ಮೊದಲು ಹೊಳೆಯುವುದು ‘ಬಲಿ’. ಆದರೆ ಆ ಸಂಘದವರು ಪ್ರಾಣಿ ಕಡಿಯುವುದಿಲ್ಲ. ಸುತ್ತ ನಿಂತು, ಕೊಂಬಿನ ಪಾತ್ರೆಯಲ್ಲಿ ಪಾನೀಯ ತುಂಬಿ, ದೇವರ ಹೆಸರು ಹೇಳಿ ಗುಟುಕರಿಸಿ ಪಕ್ಕದವರಿಗೆ ದಾಟಿಸುತ್ತಾರೆ. ಆಮೇಲೆ ಊಟ. ‘ಬಲಿ’ ಅಂತ ಬರೆದರೆ ಓದುವವರು ಸುಮ್ನೆ ಮಚ್ಚು ಹುಡುಕುತ್ತಾರೆ.

ವ್ಯಾಕರಣವೂ ಒಗ್ಗುವುದಿಲ್ಲ. ಐಸ್‌ಲ್ಯಾಂಡ್, ನಾರ್ವೆ ಕಡೆಯ ಹಿಂದಿನ ಭಾಷೆಯಾದ ಹಳೆಯ ನಾರ್ಸ್‌ನಲ್ಲಿ ‘ಬ್ಲೋಟ್ ಮಾಡು’ ಎಂಬ ಕ್ರಿಯಾಪದಕ್ಕೆ ದೇವರೇ ಕರ್ಮ, ಪ್ರಾಣಿ ಬರೀ ಸಾಧನ. ‘ಎತ್ತಿನಿಂದ ಥಾರ್‌ನನ್ನು ಅರ್ಚಿಸಿದರು’ ಎಂಬ ಧಾಟಿ. ನಾವು ಕುರಿಯನ್ನು ಬಲಿ ಕೊಡುತ್ತೇವೆ, ದೇವರು ಪಾಪ ಚತುರ್ಥಿಗೆ ಸರಿದುಬಿಡುತ್ತಾನೆ.

ಹಳೆಯ ಕಾಲದಲ್ಲಿ ಕಡಿಯುತ್ತಿದ್ದುದು ನಿಜ. ನಾರ್ವೆಯ ಹ್ಲಾದಿರ್‌ನಲ್ಲಿ ನಡೆದ ಒಂದು ಬ್ಲೋಟ್ ಬಗ್ಗೆ 13ನೇ ಶತಮಾನದ ಐಸ್‌ಲ್ಯಾಂಡಿನ ಇತಿಹಾಸಕಾರ ಸ್ನೋರಿ ಬರೆದಿದ್ದಾನೆ. ಕಡ್ಡಿಗಳನ್ನು ರಕ್ತದಲ್ಲಿ ಅದ್ದಿ ಗೋಡೆಗೂ ಜನರಿಗೂ ಪ್ರೋಕ್ಷಣೆ ಮಾಡುತ್ತಿದ್ದರಂತೆ. ಮಾಂಸ ದೊಡ್ಡ ಕೊಪ್ಪರಿಗೆಗಳಲ್ಲಿ ಬೇಯುತ್ತಿತ್ತು. (ಸ್ನೋರಿ ಕ್ರೈಸ್ತ, ಅದೂ ಸುಮಾರು ಮುನ್ನೂರು ವರ್ಷ ಆಮೇಲೆ ಬರೆದವನು. ಪೂರ್ತಿ ನಂಬುವಂತಿಲ್ಲ.) ಅಲ್ಲಿ ಕ್ರೈಸ್ತನಾಗಿದ್ದ ರಾಜ ಹಾಕೋನ್ ಕುದುರೆ ಮಾಂಸ ತಿನ್ನಲ್ಲ ಅಂದ. ರೈತರು ಸಾರಾದರೂ ಕುಡಿ ಅಂದರು. ಅದೂ ಆಗಲ್ಲ ಅಂದ. ಕೊನೆಗೆ ಆವಿ ತಾಗಿ ಜಿಡ್ಡಾಗಿದ್ದ ಕೊಪ್ಪರಿಗೆ ಹಿಡಿಗೆ ಬಟ್ಟೆ ಸುತ್ತಿ, ಅದರ ಮೇಲೆ ಬಾಯಿ ತೆರೆದ. ಇಬ್ಬರಿಗೂ ಸಮಾಧಾನ ಆಗಲಿಲ್ಲ! ರೈತರ ಸಿಟ್ಟು ‘ನೀನು ಕಡಿಯಲಿಲ್ಲ’ ಅಂತಲ್ಲ, ‘ನಮ್ಮ ಜೊತೆ ಉಣ್ಣಲಿಲ್ಲ’ ಅಂತ. ಬ್ಲೋಟ್‌ನ ಜೀವ ಇರುವುದು ಅಲ್ಲೇ ಅಂತ ನನಗನ್ನಿಸುತ್ತದೆ.

‘ಪೂಜೆ’ ಅಂದರೆ ಗಂಟೆ, ಮಂಗಳಾರತಿ ಎಲ್ಲ ಹಿಂದೆಯೇ ಬರುತ್ತವೆ. ಹಾಗಾಗಿ ನನ್ನ ಒಲವು ‘ಎಡೆ’ಯ ಕಡೆಗೆ. ಹಳೇ ಮೈಸೂರಿನ ಕಡೆ ಮಹಾಲಯದಲ್ಲಿ ಎಷ್ಟೋ ಮನೆಗಳಲ್ಲಿ ಹಿರಿಯರಿಗೆ ಬಾಡು, ಹೆಂಡ ಎಡೆ ಇಟ್ಟು ಆಮೇಲೆ ಎಲ್ಲರೂ ಉಣ್ಣುತ್ತಾರೆ ಅಲ್ವಾ? ಬ್ಲೋಟ್‌ನಲ್ಲೂ ದೇವರ ಜೊತೆಗೆ ಗತಿಸಿದವರನ್ನು ನೆನೆದು ಕುಡಿಯುವುದುಂಟು. ತೊಡಕು ಒಂದೇ: ಎಡೆ ಅಂದರೆ ಮುಂದಿಟ್ಟ ಪದಾರ್ಥ, ಕೂಟ ಅಲ್ಲ. ‘ಎಡೆಯೂಟ’ ಅಂದರೆ ನಡೆಯುತ್ತದೆಯೇ? ಇಟ್ಟದ್ದು, ಉಂಡದ್ದು ಎರಡನ್ನೂ ಸೇರಿಸಿ ಹೇಳುವ ಪದ ನಿಮ್ಮ ಕಡೆ ಬಳಕೆಯಲ್ಲಿದ್ದರೆ, ಯಾವ ಊರಿನದು ಅಂತಲೂ ಸೇರಿಸಿ ತಿಳಿಸಿ.