ಚಂದಾಪುರದ ಕಡೆ 38 ಲಕ್ಷದ ಫ್ಲ್ಯಾಟ್: ಅಲ್ಲಿ ಇರುವವರು ದಿನದ ಪಾಡು ಹೇಗಿದೆ ಹೇಳ್ತೀರಾ?

ಹೊಸಮನೆ ಹುಡುಕಾಟ

ಎಲ್ಲರಿಗೂ ನಮಸ್ಕಾರ. ನಾವು ಬೊಮ್ಮನಹಳ್ಳಿಯಲ್ಲಿ ಬಾಡಿಗೆಗೆ ಇದ್ದೇವೆ. ಒಂದೇ ಬೆಡ್‌ರೂಮ್, ಬಾಡಿಗೆ 14,000, ವರ್ಷ ವರ್ಷ ಏರುತ್ತಲೇ ಇದೆ. ನಮ್ಮವರದು ಬೊಮ್ಮಸಂದ್ರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ನಾನು ಜಯನಗರದ ಒಂದು ಕ್ಲಿನಿಕ್‌ನಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತೇನೆ. ಮಗಳು ಮೂರನೇ ಕ್ಲಾಸು. ಅತ್ತೆಯೂ ಜೊತೆಗಿದ್ದಾರೆ, ಅವರಿಗೆ ಮಂಡಿನೋವು, ಮೆಟ್ಟಿಲು ಹತ್ತಲು ಆಗುವುದಿಲ್ಲ.

ಚಂದಾಪುರ–ಆನೇಕಲ್ ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ ಒಂದು ಹೊಸ ಅಪಾರ್ಟ್‌ಮೆಂಟ್ ನೋಡಿದ್ದೇವೆ. ಎರಡು ಬೆಡ್‌ರೂಮ್, ಕಾರ್ಪೆಟ್ (ಗೋಡೆಗಳ ಒಳಗಿನ ಬಳಕೆಯ ಜಾಗ) 580 ಚದರಡಿ, ಮೂರನೇ ಮಹಡಿ. ಭಾನುವಾರ ಮಧ್ಯಾಹ್ನ ಹೋಗಿದ್ದೆವು. ಬೆಳಕು ಚೆನ್ನಾಗಿದೆ, ಅಡುಗೆಮನೆ ಪಕ್ಕ ಪಾತ್ರೆ ತೊಳೆಯಲು ಪುಟ್ಟ ಜಾಗ ಇದೆ, ನನಗಂತೂ ಮನಸ್ಸು ಅಲ್ಲೇ ನಿಂತುಬಿಟ್ಟಿದೆ. ಕಾವೇರಿ ನೀರು ಬರುತ್ತಾ ಅಂತ ಬಿಲ್ಡರ್ ಕಡೆಯವರನ್ನು ಕೇಳಿದರೆ "ಐದನೇ ಹಂತ ಮುಗೀತಲ್ಲ ಮೇಡಂ, ಬಂದೇ ಬರುತ್ತೆ" ಅಂದರು. ಮೆಟ್ರೋ ಹತ್ತಿರ ಅಂದರು, ಹೀಲಲಿಗೆಗೆ ಸಬರ್ಬನ್ ರೈಲು ಬರುತ್ತೆ ಅಂದರು, ಒಸಿ (ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಕೊಡುವ ಸರ್ಕಾರಿ ಪತ್ರ) ಇನ್ನೆರಡು ತಿಂಗಳಲ್ಲಿ ಬರುತ್ತೆ ಅಂದರು. ಈ ತಿಂಗಳೊಳಗೆ 2 ಲಕ್ಷ ಅಡ್ವಾನ್ಸ್ ಕೊಡಬೇಕಂತೆ. ಕೈಯಲ್ಲಿ 8 ಲಕ್ಷ ಇದೆ, ಹತ್ತು ವರ್ಷ ಕೂಡಿಟ್ಟಿದ್ದು. ಇದು ತಪ್ಪಾದರೆ ಮತ್ತೆ ಎದ್ದು ನಿಲ್ಲುವ ಶಕ್ತಿ ನಮಗಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿ.

ಎರಡನೇ ಮಹಡಿ

ಅಕ್ಕ, ನಾವು ಅದೇ ಕಡೆ 2020ರಿಂದ ಇದ್ದೇವೆ. ಮೊದಲು ನೀರಿನ ಮಾತು. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು ನಿಜ. ಆದರೆ ಅದು ಮುಖ್ಯವಾಗಿ 2007ರಲ್ಲಿ ಬೆಂಗಳೂರು ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ಮಾಡಿದ ಯೋಜನೆ. ಚಂದಾಪುರಕ್ಕೆ ಬೇರೆ ಪುರಸಭೆ ಇದೆ, ಅದು ಪಾಲಿಕೆಯ ಹೊರಗೆ. ಆ ಮಾತು ನಂಬಿಕೊಂಡು ಮನೆ ತಗೋಬೇಡಿ.

ನಮ್ಮಲ್ಲಿ ಎರಡು ಬೋರ್‌ವೆಲ್ ಇವೆ. ಮಾರ್ಚ್ ಬಂತೆಂದರೆ ಒಂದು ಗಂಟೆ ನೀರು ಬಂದು ಆಮೇಲೆ ಬರೀ ಗಾಳಿ. ಅಲ್ಲಿಂದ ಮಳೆಗಾಲದವರೆಗೆ ಟ್ಯಾಂಕರ್. ಬೆಳಗ್ಗೆ ಐದೂವರೆಗೆ ಗೇಟಲ್ಲಿ ಟ್ಯಾಂಕರ್ ಹಾರ್ನ್ ಕೇಳಿದರೇನೇ ನಮಗೆ ಸಮಾಧಾನ. 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತ 5 ಕಿಲೋಮೀಟರ್ ಒಳಗೆ 12,000 ಲೀಟರ್ ಟ್ಯಾಂಕರ್‌ಗೆ 1,000 ರೂಪಾಯಿ ಅಂತ ದರ ಕಟ್ಟಿತ್ತು, ನಾವು ಕೊಟ್ಟಿದ್ದು ಅದರ ಎರಡರಷ್ಟು. ನೀರಿಲ್ಲದೆ ಮಕ್ಕಳು ಕೂತಿರುವಾಗ ಯಾರು ಚೌಕಾಸಿ ಮಾಡ್ತಾರೆ ಹೇಳಿ.

ಅಳತೆ ಬಗ್ಗೆಯೂ ಅನುಮಾನ ಇತ್ತು. ನಮ್ಮ ಸಂಪು 4 ಮೀಟರ್ ಉದ್ದ, 3 ಮೀಟರ್ ಅಗಲ. 12,000 ಲೀಟರ್ ಬಿದ್ದರೆ ನೀರು ಸರಿಯಾಗಿ ಒಂದು ಮೀಟರ್ ಏರಬೇಕು. ಒಂದು ದಿನ ನಾನು, ಎದುರು ಮನೆಯ ಅಂಕಲ್ ಇಬ್ಬರೂ ಸಂಪಿನ ಮುಚ್ಚಳ ತೆಗೆದು ಬಿದಿರುಕೋಲು ಇಳಿಸಿ, ನೀರು ಬಿಡುವ ಮುಂಚೆ ಒಂದು ಗುರುತು, ಬಿಟ್ಟ ಮೇಲೆ ಒಂದು ಗುರುತು ಹಾಕಿದೆವು. ಮುಕ್ಕಾಲು ಮೀಟರೂ ಇರಲಿಲ್ಲ! ಅಂದರೆ ಪ್ರತಿ ಲೋಡಿಗೆ 3,000 ಲೀಟರಿಗೂ ಜಾಸ್ತಿ ನೀರು ಮೋಸ ಹೋಗುತ್ತಿತ್ತು, ಎಷ್ಟು ದಿನದಿಂದಲೋ. ಅವತ್ತಿನಿಂದ ಕೋಲು ವಾಚ್‌ಮನ್ ಕೈಯಲ್ಲೇ ಇರುತ್ತೆ, ಪುಸ್ತಕದಲ್ಲಿ ಬರೆಸುತ್ತೇವೆ.

ನೀರು ಬಹಳ ಗಡುಸು. ಬಕೆಟ್ ಒಳಗೆ ಸುಣ್ಣ ಬಳಿದ ಹಾಗೆ ಬಿಳಿ ಪದರ ಕೂರುತ್ತೆ. ನಮ್ಮ ಗೀಸರ್ ಕಾಯಿಲ್ ಐದು ವರ್ಷದಲ್ಲಿ ಮೂರು ಸಲ ಹೋಗಿದೆ. ಬೇಳೆ ಬೇಯಿಸಲು ಕ್ಯಾನ್ ನೀರೇ ಬೇಕು.

ಸಂಘದ ಕೆಲಸ

ಮೇಡಂ, ಒಸಿ ಬರುವವರೆಗೆ ಒಳಗೆ ಹೋಗಲೇಬೇಡಿ. ನಾವು ಬಾಡಿಗೆ ಉಳಿಯುತ್ತೆ ಅಂತ ಆತುರಪಟ್ಟು ಹೋದೆವು. ಒಸಿ ಇಲ್ಲದೆ ಖಾಯಂ ಕರೆಂಟ್ ಕನೆಕ್ಷನ್ ಸಿಗಲಿಲ್ಲ, 14 ತಿಂಗಳು ತಾತ್ಕಾಲಿಕ ಕನೆಕ್ಷನ್‌ನಲ್ಲೇ ಕಳೆದೆವು, ಅದರ ದರ ಜಾಸ್ತಿ. ಡೀಸೆಲ್ ಖರ್ಚು ಉಳಿಸಲು ಬಿಲ್ಡರ್ ಕಡೆಯವರು ಲಿಫ್ಟಿಗೆ ಜನರೇಟರ್ ಹಾಕುತ್ತಿರಲಿಲ್ಲ. ಕರೆಂಟ್ ಹೋದಾಗ ನಮ್ಮ ತಾಯಿ ಕೆಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ತರಕಾರಿ ಚೀಲ ಹಿಡಿದು ಎರಡೆರಡು ಗಂಟೆ ಕೂತಿದ್ದಾರೆ. ನಿಮ್ಮ ಅತ್ತೆ ವಿಷಯ ಓದಿದ ತಕ್ಷಣ ಅದೇ ನೆನಪಾಯಿತು. ಲಿಫ್ಟಿಗೆ ಬ್ಯಾಕಪ್ ಇದೆಯಾ, ಅದನ್ನು ಅಗ್ರಿಮೆಂಟಿನಲ್ಲಿ ಬರೆದಿದ್ದಾರಾ, ಅದನ್ನು ಕೇಳಿ.

ದುಡ್ಡಿನ ಲೆಕ್ಕವೂ ಒಮ್ಮೆ ಹಾಕಿ. ಬ್ಯಾಂಕು 30 ಲಕ್ಷ ಕೊಟ್ಟರೂ ನಿಮ್ಮ 8 ಲಕ್ಷ ಮನೆಗೇ ಸರಿಹೋಯಿತು. 45 ಲಕ್ಷದೊಳಗಿನ ಹೊಸ ಫ್ಲ್ಯಾಟಿಗೆ ಸ್ಟ್ಯಾಂಪ್ ಡ್ಯೂಟಿ 3%. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 1% ಇದ್ದದ್ದು 2% ಆಗಿದೆ. ಅಲ್ಲಿಗೆ ಇನ್ನೂ ಹತ್ತಿರ ಹತ್ತಿರ 2 ಲಕ್ಷ ಬೇಕು. 20 ವರ್ಷಕ್ಕೆ 8.5% ಬಡ್ಡಿ ಹಿಡಿದರೆ ಇಎಂಐ 26,000 ಬರುತ್ತೆ, ಮೇಲೆ ಮೇಂಟೆನೆನ್ಸ್, ಟ್ಯಾಂಕರ್ ಪಾಲು. ಒಸಿ ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ, ಮುಂಚೆ ಕೊಂಡರೆ ಈ ಅಳತೆಯ ಮನೆಗೆ 1%.

ಅಪಾರ್ಟ್‌ಮೆಂಟಿನ ರೇರಾ (ಬಿಲ್ಡರ್‌ಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ) ನೋಂದಣಿ ಸಂಖ್ಯೆಯನ್ನು ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ನೀವೇ ಹಾಕಿ ನೋಡಿ. ನೋಂದಾಯಿತ ಅಗ್ರಿಮೆಂಟ್ ಇಲ್ಲದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ದುಡ್ಡು ತಗೊಳ್ಳುವ ಹಾಗಿಲ್ಲ. ಮನೆ ಕೊಟ್ಟ ಮೇಲೆ 5 ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡು ತಿಳಿಸಿದರೆ, 30 ದಿನದಲ್ಲಿ ಬಿಲ್ಡರೇ ಸ್ವಂತ ಖರ್ಚಿನಲ್ಲಿ ಸರಿಮಾಡಬೇಕು. ಗೋಡೆ ಸೋರಿದ ಮೊದಲ ದಿನವೇ ಫೋಟೋ ತೆಗೆದು, ಬರವಣಿಗೆಯಲ್ಲಿ ಕೊಡಿ. ಬಾಯಿಮಾತಲ್ಲಿ ಹೇಳಿ ನಾವು ಎರಡು ಮಳೆಗಾಲ ಕಳೆದುಕೊಂಡೆವು.

ಹಳದಿ ಮಾರ್ಗ

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ. ಮೇಲಿನವರು ಹೇಳಿದ್ದೆಲ್ಲ ನಿಜ, ಆದರೂ ನಾನು ಮನೆ ತಗೊಂಡಿದ್ದಕ್ಕೆ ಬೇಜಾರಿಲ್ಲ. 2025ರ ಆಗಸ್ಟ್‌ನಲ್ಲಿ ಮೆಟ್ರೋದ ಹಳದಿ ಮಾರ್ಗ ಶುರುವಾದ ಮೇಲೆ ಸಿಲ್ಕ್‌ಬೋರ್ಡ್ ಟ್ರಾಫಿಕ್ ಕಾಟ ತಪ್ಪಿತು. ನಿಮಗಂತೂ ಬೊಮ್ಮಸಂದ್ರದಲ್ಲಿ ಹತ್ತಿ, ಆರ್.ವಿ. ರೋಡಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನ ಸ್ಟೇಷನ್ನೇ ಜಯನಗರ.

ಕಷ್ಟ ಇರುವುದು ಮನೆಯಿಂದ ಬೊಮ್ಮಸಂದ್ರದವರೆಗೆ. ಬಸ್ಸು ಸಿಕ್ಕರೆ ಶಕ್ತಿ ಯೋಜನೆಯಲ್ಲಿ ನಿಮಗೆ ಟಿಕೆಟ್ ದುಡ್ಡಿಲ್ಲ, ಆದರೆ ಮುಖ್ಯರಸ್ತೆಗೆ ಬರಲು ಆ ಎರಡು ಕಿಲೋಮೀಟರ್ ಇದೆಯಲ್ಲ! ರಾತ್ರಿ ಎಂಟರ ಮೇಲೆ ಆಟೋದವರು ಒಳಗೆ ಬರಲು ಒಪ್ಪುವುದಿಲ್ಲ, ಒಪ್ಪಿದರೆ ಡಬಲ್ ಕೇಳ್ತಾರೆ. ನಮ್ಮ ದಾರಿಯಲ್ಲಿ ಬೀದಿದೀಪ ಮೂರೇ ಮೂರು, ಮಳೆ ಬಂದರೆ ಗುಂಡಿ ಯಾವುದು ರಸ್ತೆ ಯಾವುದು ಗೊತ್ತಾಗಲ್ಲ, ನಾಯಿಗಳ ಹಿಂಡು ಬೇರೆ. ನನ್ನ ಹೆಂಡತಿ, ಅದೇ ಹೊತ್ತಿಗೆ ಇಳಿಯುವ ಇನ್ನಿಬ್ಬರು ಹೆಣ್ಣುಮಕ್ಕಳು ಫೋನ್ ಮಾಡಿಕೊಂಡು ಒಂದೇ ಆಟೋದಲ್ಲಿ ಬರ್ತಾರೆ. ಒಬ್ಬಳೇ ಬಾ ಅಂತ ನಾನು ಯಾವತ್ತೂ ಹೇಳಲ್ಲ.

ಹೀಲಲಿಗೆ–ರಾಜಾನುಕುಂಟೆ ಸಬರ್ಬನ್ ರೈಲಿನ ಲೆಕ್ಕ ಈಗ ಬಿಡಿ. ಬಂದಾಗ ಬರಲಿ. ಮಗಳ ಶಾಲೆಗೆ ವ್ಯಾನ್ ಒಳಗಿನವರೆಗೂ ಬರುತ್ತಾ ಕೇಳಿಕೊಳ್ಳಿ.

ಹೊಸಮನೆ ಹುಡುಕಾಟ

ಇಷ್ಟು ಬಿಡಿಸಿ ಬರೆದ ಮೂವರಿಗೂ ತುಂಬಾ ಥ್ಯಾಂಕ್ಸ್. ನೋಂದಣಿ ಖರ್ಚು ನಮ್ಮ ತಲೆಗೇ ಹೋಗಿರಲಿಲ್ಲ. ಒಸಿ ಕಾಗದ ಕಣ್ಣಿಗೆ ಕಾಣುವವರೆಗೆ ಅಡ್ವಾನ್ಸ್ ಕೊಡುವುದಿಲ್ಲ ಅಂತ ಇವತ್ತು ಫೋನ್ ಮಾಡಿ ಹೇಳಿದೆವು. ಅವರಿಗೆ ಬೇಜಾರಾಯಿತು, ಇರಲಿ.

ಬುಧವಾರ ನಮ್ಮವರಿಗೆ ರಜೆ. ಬೆಳಗ್ಗೆ ಐದೂವರೆಗೆ ಆ ಗೇಟಿನ ಹತ್ತಿರ ಇರುತ್ತೇವೆ, ಅಲ್ಲಿಂದ ಕೆಲಸದ ದಿನದ ಹಾಗೇ ಜಯನಗರಕ್ಕೆ ಹೋಗಿ ರಾತ್ರಿ ಎಂಟರ ಮೇಲೆ ವಾಪಸ್ ಅದೇ ದಾರಿಯಲ್ಲಿ ಬಂದು ನೋಡುತ್ತೇವೆ. ಪಕ್ಕದ ಕಾಂಪೌಂಡಿನ ಹಳೇ ಅಪಾರ್ಟ್‌ಮೆಂಟಿನಲ್ಲಿ ಜನ ಇದ್ದಾರೆ. ಅವರ ವಾಚ್‌ಮನ್ ಹತ್ತಿರ ಟ್ಯಾಂಕರ್ ಪುಸ್ತಕ ತೋರಿಸಿ ಅಂತ ಕೇಳಿದರೆ ತೋರಿಸ್ತಾರಾ, ಅಥವಾ ಸಂಘದವರನ್ನೇ ಕೇಳಬೇಕಾ?

ಎರಡನೇ ಮಹಡಿ

ಸಂಘದವರನ್ನೇ ಕೇಳಿ ಅಕ್ಕ. ಏಪ್ರಿಲ್ ತಿಂಗಳ ಪುಟ ತೋರಿಸಿ ಅನ್ನಿ. ಬುಧವಾರ ಆ ಕಡೆ ಬಂದಾಗ ನಮ್ಮಲ್ಲಿಗೂ ಬನ್ನಿ, ಬಕೆಟ್ಟು, ಗೀಸರ್ ಎಲ್ಲ ನೀವೇ ನೋಡಿ, ಕಾಫಿ ಕುಡಿದು ಹೋಗಿ. ಮೆಸೇಜ್ ಮಾಡಿ, ದಾರಿ ಹೇಳ್ತೀನಿ.