ಎಲ್‌ಎಸ್‌1 ಕಮಾರೋ: ಪಿಸ್ಟನ್, ರಾಡ್ ಮುಟ್ಟದೆ ಚಕ್ರದಲ್ಲಿ 400 ಎಚ್‌ಪಿ ತೆಗೆಯಬಹುದಾ?

ಕೆಂಪುಜಡ್28:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1999ರ ಕಮಾರೋ ಜಡ್28 ಇದೆ. 5.7 ಲೀಟರ್ ಎಲ್‌ಎಸ್‌1, 6 ಸ್ಪೀಡ್ ಮ್ಯಾನುಯಲ್, 3.42 ಗೇರ್. 92,000 ಮೈಲಿ ಓಡಿದೆ. ಎಂಜಿನ್ ಒಮ್ಮೆಯೂ ಬಿಚ್ಚಿಲ್ಲ. ಆಯಿಲ್ ಕಡಿಮೆ ಆಗುವುದಿಲ್ಲ, ಹೊಗೆಯೂ ಇಲ್ಲ.

ಏರ್ ಫಿಲ್ಟರ್ ಬಾಕ್ಸ್ ಬಿಟ್ಟು ಉಳಿದಿದ್ದೆಲ್ಲ ಫ್ಯಾಕ್ಟರಿಯಿಂದ ಬಂದ ಹಾಗೇ ಇದೆ. ಡೈನೋ (ಪವರ್ ಅಳೆಯುವ ಯಂತ್ರ) ಮೇಲೆ ಹತ್ತಿಸಿದಾಗ ಚಕ್ರದಲ್ಲಿ 296 ಎಚ್‌ಪಿ ಬಂತು. ಕ್ವಾರ್ಟರ್ ಮೈಲ್ 13.5 ಸೆಕೆಂಡ್. ನನಗೆ ಚಕ್ರದಲ್ಲಿ 400 ಬೇಕು, ಟೈಮ್ 12ರ ಮನೆಗೆ ಇಳಿಯಬೇಕು. ಆದರೆ ಎಂಜಿನ್ ಕೆಳಗಿಳಿಸಿ ಕ್ರ್ಯಾಂಕ್, ರಾಡ್, ಪಿಸ್ಟನ್ ಬದಲಿಸುವಷ್ಟು ದುಡ್ಡೂ ಇಲ್ಲ, ಜಾಗವೂ ಇಲ್ಲ. ವಾರಕ್ಕೆ ಎರಡು ದಿನ ಇದೇ ಕಾರಲ್ಲಿ ಕೆಲಸಕ್ಕೆ ಹೋಗುತ್ತೇನೆ.

ಒಬ್ಬರು ಕ್ಯಾಮ್ (ವಾಲ್ವ್ ತೆರೆಯುವ ದಂಡ) ಬದಲಿಸು ಅಂತಾರೆ, ಒಬ್ಬರು ನೈಟ್ರಸ್ (ಎಂಜಿನ್‌ಗೆ ಬಿಡುವ ನೈಟ್ರಸ್ ಆಕ್ಸೈಡ್ ಅನಿಲ) ಅಂತಾರೆ. ಇನ್ನೊಬ್ಬರು 1999ರ ರಾಡ್ ಬೋಲ್ಟ್ (ರಾಡನ್ನು ಕ್ರ್ಯಾಂಕ್‌ಗೆ ಬಿಗಿಯುವುದು) ವೀಕ್, ಕೈ ಹಾಕಬೇಡ ಅಂತಾರೆ. ಯಾವುದರಿಂದ ಶುರು ಮಾಡಲಿ? ಎಲ್ಲಿ ನಿಲ್ಲಿಸಲಿ?

ನೈಟ್ರಸ್‌ಪ್ರಿಯ:

100 ಎಚ್‌ಪಿಯ ನೈಟ್ರಸ್ ವೆಟ್ ಕಿಟ್ (ಅನಿಲದ ಜೊತೆ ಪೆಟ್ರೋಲನ್ನೂ ಸಿಂಪಡಿಸುವುದು) ಹಾಕಿ. ಒಂದು ವಾರಾಂತ್ಯದ ಕೆಲಸ. ಕೆಲಸಕ್ಕೆ ಹೋಗುವಾಗ ಬಾಟಲ್ ವಾಲ್ವ್ ಮುಚ್ಚಿದರೆ ಕಾರು ಮೊದಲಿನ ಹಾಗೇ ಇರುತ್ತದೆ. ಐಡಲ್ ಕೆಡುವುದಿಲ್ಲ, ಮೈಲೇಜ್ ಕೆಡುವುದಿಲ್ಲ. ನನ್ನದು ನಾಲ್ಕು ವರ್ಷದಿಂದ ಹೀಗೇ ಓಡುತ್ತಿದೆ. 3,000 ಆರ್‌ಪಿಎಂಗಿಂತ ಕೆಳಗೆ ಮಾತ್ರ ಯಾವತ್ತೂ ಬಿಡಬೇಡಿ. ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹಾರುವ ಸಮಯ) ಹಿಂದಕ್ಕೆ ಎಳೆಯುವುದನ್ನು ಮರೆಯಬೇಡಿ.

ಹಳೇಎಸ್‌ಎಸ್:

ಸರ್, ನನ್ನದು 2000ದ ಕಮಾರೋ ಎಸ್‌ಎಸ್. ಆರು ವರ್ಷದ ಹಿಂದೆ ಇದೇ ಪ್ರಶ್ನೆ ಹಿಡಿದುಕೊಂಡು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಆಮೇಲೆ ಗ್ಯಾರೇಜಿನಲ್ಲಿ ನಾನೇ ಕ್ಯಾಮ್ ಬದಲಿಸಿದೆ. ಚಕ್ರದಲ್ಲಿ 394 ಬಂತು. ಅಲ್ಲಿಂದ 31,000 ಮೈಲಿ ಓಡಿಸಿದ್ದೇನೆ, ಬಾಟಮ್ ಎಂಡ್ (ಕ್ರ್ಯಾಂಕ್, ರಾಡ್, ಪಿಸ್ಟನ್) ಇವತ್ತಿಗೂ ಮುಟ್ಟಿಲ್ಲ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಿ. ನಿಮ್ಮ ರಾಡ್ ಬೋಲ್ಟ್ ಹೆದರಬೇಕಾಗಿರುವುದು ಎಚ್‌ಪಿಗಲ್ಲ, ಆರ್‌ಪಿಎಂಗೆ. ಪೆಟ್ರೋಲ್ ಉರಿಯುವಾಗ ಪಿಸ್ಟನ್ ರಾಡನ್ನು ಕೆಳಕ್ಕೆ ಒತ್ತುತ್ತದೆ. ಆ ಒತ್ತಡವನ್ನು ರಾಡ್ ತಡೆದುಕೊಳ್ಳುತ್ತದೆ, ಬೋಲ್ಟ್‌ಗೆ ಅದರಲ್ಲಿ ಹೆಚ್ಚು ಕೆಲಸ ಇಲ್ಲ. ಎಗ್ಸಾಸ್ಟ್ ಸ್ಟ್ರೋಕ್ ಮುಗಿಯುವಾಗ ಕಥೆ ಬೇರೆ. ಮೇಲಕ್ಕೆ ಹಾರುತ್ತಿರುವ ಪಿಸ್ಟನ್ನನ್ನು ತುದಿಯಲ್ಲಿ ನಿಲ್ಲಿಸಿ ಕೆಳಕ್ಕೆ ಎಳೆಯಬೇಕು. ಆಗ ಮೇಲಿಂದ ತಡೆಯುವ ಒತ್ತಡ ಇರುವುದಿಲ್ಲ. ಇಡೀ ಎಳೆತ ಆ ಎರಡು ಬೋಲ್ಟ್ ಮೇಲೆ. ಈ ಎಳೆತ ಆರ್‌ಪಿಎಂನ ವರ್ಗದ ಲೆಕ್ಕದಲ್ಲಿ ಏರುತ್ತದೆ. 6,200ರಿಂದ 6,800ಕ್ಕೆ ಹೋದರೆ ಆರ್‌ಪಿಎಂ ಹತ್ತು ಪರ್ಸೆಂಟ್ ಕೂಡ ಜಾಸ್ತಿ ಆಗಿಲ್ಲ, ಅಲ್ವಾ? ಬೋಲ್ಟ್ ಮೇಲಿನ ಎಳೆತ ಮಾತ್ರ 20 ಪರ್ಸೆಂಟ್ ಏರಿರುತ್ತದೆ.

ಆದ್ದರಿಂದ 6,400ರ ಒಳಗೆ ಪವರ್ ಕೊಡುವ ಕ್ಯಾಮ್ ಆರಿಸಿ. 0.050 ಇಂಚಿನಲ್ಲಿ ಅಳೆದಾಗ 220ರಿಂದ 224 ಡಿಗ್ರಿ ಡ್ಯುರೇಷನ್ (ವಾಲ್ವ್ ತೆರೆದಿರುವ ಅವಧಿ), 112 ಅಥವಾ 114 ಲೋಬ್ ಸೆಪರೇಷನ್ (ಇಂಟೇಕ್, ಎಗ್ಸಾಸ್ಟ್ ಲೋಬ್ ನಡುವಿನ ಕೋನ). ಇಷ್ಟು ಸಾಕು. 230ರ ಮೇಲಿನದು ಕೇಳಲು ಚೆನ್ನಾಗಿರುತ್ತದೆ, ಆದರೆ ಪವರ್ ಸಿಗಲು 6,800 ತನಕ ಎಳೆಯಬೇಕು. ನಿಮ್ಮ ಬೋಲ್ಟ್‌ಗೆ ಅದು ಬೇಡ. ಅಷ್ಟು ದೊಡ್ಡದಕ್ಕೆ ವಾಲ್ವ್ ಮತ್ತು ಪಿಸ್ಟನ್ ನಡುವಿನ ಅಂತರವನ್ನೂ ಜೇಡಿ ಇಟ್ಟು ಅಳೆಯಬೇಕಾಗುತ್ತದೆ.

ನಾನು ಮಾಡಿದ ವರಸೆ ಹೀಗಿತ್ತು: ಮೊದಲು ಲಾಂಗ್ ಟ್ಯೂಬ್ ಹೆಡರ್ (ಉದ್ದ ಪೈಪಿನ ಎಗ್ಸಾಸ್ಟ್), ಆಮೇಲೆ ಎಲ್‌ಎಸ್‌6 (ಎಲ್‌ಎಸ್‌1ನ ಜೋರಿನ ರೂಪ) ಇಂಟೇಕ್ ಮ್ಯಾನಿಫೋಲ್ಡ್, ಕೊನೆಗೆ ಕ್ಯಾಮ್. ಎಲ್‌ಎಸ್‌6 ಇಂಟೇಕ್ 2001ರಿಂದ ಮಾಮೂಲಿ ಎಲ್‌ಎಸ್‌1ಗೂ ಬಂತು, ನಮ್ಮ ವರ್ಷಗಳಿಗೆ ಇಲ್ಲ. ಅದನ್ನು ಕೂರಿಸಲು ಹಿಂದಿನ ಸ್ಟೀಮ್ ಪೈಪ್ (ಹೆಡ್‌ಗಳ ಕೂಲಂಟ್ ಪೈಪ್) ಬದಲಿಸಬೇಕು, ಇಲ್ಲದಿದ್ದರೆ ತಗುಲುತ್ತದೆ. 1999ರ ಇಂಜೆಕ್ಟರ್ ಗಂಟೆಗೆ 26 ಪೌಂಡ್ ಆಸುಪಾಸಿನವು. ಚಕ್ರದಲ್ಲಿ 400ಕ್ಕೆ ಅವು ಸಾಲುವುದಿಲ್ಲ, ಆ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಸೇರಿಸಿ.

ವಾಲ್ವ್ ಸ್ಪ್ರಿಂಗ್ ವಿಷಯದಲ್ಲಿ ಉಳಿತಾಯ ಮಾಡಬೇಡಿ ಅಂತ ಕೈ ಮುಗಿದು ಹೇಳುತ್ತೇನೆ. ಹಳೇ ಸ್ಪ್ರಿಂಗ್ ಮೇಲೆ ಹೊಸ ಕ್ಯಾಮ್ ಹಾಕಿದರೆ ವಾಲ್ವ್ ಸಮಯಕ್ಕೆ ಮುಚ್ಚದೆ ತೇಲುತ್ತದೆ. ಸ್ಪ್ರಿಂಗ್ ಮುರಿದರೆ ವಾಲ್ವ್ ಪಿಸ್ಟನ್ ಮೇಲೆ ಬೀಳುತ್ತದೆ, ಅಲ್ಲಿಗೆ ಎಂಜಿನ್ ಕಥೆ ಮುಗಿಯಿತು. ಡ್ಯುಯಲ್ ಸ್ಪ್ರಿಂಗ್ ಹಾಕಿ. ಒಂದು ಮುರಿದರೂ ಇನ್ನೊಂದು ವಾಲ್ವನ್ನು ಹಿಡಿದುಕೊಂಡಿರುತ್ತದೆ. ಇದಕ್ಕೆ ಹೆಡ್ ಬಿಚ್ಚಬೇಕಾಗಿಲ್ಲ. ಆ ಸಿಲಿಂಡರಿನ ಪಿಸ್ಟನ್ ಮೇಲಿದ್ದರೆ ವಾಲ್ವ್ ಒಳಗೆ ಬೀಳುವುದಿಲ್ಲ. ನಾನು ಸ್ಪಾರ್ಕ್ ಪ್ಲಗ್ ತೂತಿನಿಂದ ಮೆತ್ತಗಿನ ಹಗ್ಗ ತುರುಕಿ, ಕೈಯಲ್ಲಿ ಕ್ರ್ಯಾಂಕ್ ತಿರುಗಿಸಿ ಹಗ್ಗವನ್ನು ಒತ್ತಿ ಹಿಡಿದು, ಆಮೇಲೆ ಸ್ಪ್ರಿಂಗ್ ಬಿಚ್ಚಿದೆ. ಹದಿನಾರು ಸ್ಪ್ರಿಂಗಿಗೆ ಒಂದು ಭಾನುವಾರ ಪೂರ್ತಿ ಹಿಡಿಯಿತು.

ನೈಟ್ರಸ್ ಹಾಕಬೇಡಿ ಅಂತ ನಾನು ಹೇಳುವುದಿಲ್ಲ, ಸರಿಯಾಗಿ ಮಾಡಿದವರದು ಚೆನ್ನಾಗಿಯೇ ಓಡುತ್ತಿದೆ. ಆದರೆ ನಮ್ಮ ಪಿಸ್ಟನ್ ಹೈಪರ್‌ಯುಟೆಕ್ಟಿಕ್, ಅಂದರೆ ಸಿಲಿಕಾನ್ ಜಾಸ್ತಿ ಇರುವ ಎರಕದ್ದು. ಗಟ್ಟಿ, ಆದರೆ ಪೆಡಸು. ಫೋರ್ಜ್ಡ್ (ಬಡಿದು ಮಾಡಿದ) ಪಿಸ್ಟನ್ ನಾಕ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಸಿಡಿಯುವುದು) ಆದರೆ ಒಂದಿಷ್ಟು ಸಹಿಸುತ್ತದೆ, ಇದು ಸಹಿಸುವುದಿಲ್ಲ, ರಿಂಗ್ ಕೂರುವ ಅಂಚೇ ಒಡೆದು ಬರುತ್ತದೆ. ಫ್ಯಾಕ್ಟರಿ ರಿಂಗ್ ಗ್ಯಾಪ್ ಕೂಡ ಚಿಕ್ಕದು. ಶಾಖ ಏರಿದಾಗ ರಿಂಗಿನ ಎರಡು ತುದಿ ಒಂದಕ್ಕೊಂದು ತಾಗುತ್ತವೆ, ಆಗಲೂ ಅದೇ ಅಂಚು ಒಡೆಯುತ್ತದೆ. ನೈಟ್ರಸ್ ಬಿಟ್ಟಾಗ ಫ್ಯುಯಲ್ ಪಂಪ್ ಒಂದು ಕ್ಷಣ ಸೊರಗಿದರೂ ಇದಾಗಲು ಸಾಕು.

ಕೆಂಪುಜಡ್28:

ತುಂಬಾ ಥ್ಯಾಂಕ್ಸ್ ಸರ್. ಹಾಗಾದರೆ ರಾಡ್ ಬೋಲ್ಟ್ ಮಾತ್ರ ಗಟ್ಟಿಯದು ಹಾಕಿಬಿಟ್ಟರೆ? ಆಯಿಲ್ ಪ್ಯಾನ್ ಇಳಿಸಿ, ಎಂಜಿನ್ ಕಾರಲ್ಲೇ ಇಟ್ಟುಕೊಂಡು ಒಂದೊಂದೇ ಬದಲಿಸಬಹುದು ಅಂತ ಕೇಳಿದ್ದೇನೆ.

ಬೋರಿಂಗ್‌ಬಾರ್:

ನಾನು ಮೆಷಿನ್ ಶಾಪಿನಲ್ಲಿ ಕೆಲಸ ಮಾಡುವವನು. ಈ ಬೋಲ್ಟ್ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ಬೋಲ್ಟ್ ಬಿಗಿಯುವ ಬಲ ಬದಲಾದರೆ ರಾಡಿನ ಕೆಳಗಿನ ದೊಡ್ಡ ತೂತಿನ ಆಕಾರವೂ ಚೂರು ಬದಲಾಗುತ್ತದೆ. ಗುಂಡಗಿದ್ದದ್ದು ಮೊಟ್ಟೆಯಾಕಾರ ಆಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಗೇಜ್‌ಗೆ ಕಾಣುತ್ತದೆ, ಬೇರಿಂಗ್‌ಗೂ ಗೊತ್ತಾಗುತ್ತದೆ. ಸರಿಯಾದ ದಾರಿ ಅಂದರೆ ರಾಡ್ ಹೊರಗೆ ತೆಗೆದು, ಹೊಸ ಬೋಲ್ಟ್ ಬಿಗಿದು, ತೂತನ್ನು ಮತ್ತೆ ಹೋನ್ ಮಾಡುವುದು (ನಯವಾಗಿ ಉಜ್ಜಿ ಗುಂಡಗೆ ಮಾಡುವುದು). ಕಾರಿನ ಕೆಳಗೆ ಮಲಗಿಕೊಂಡು ಬದಲಿಸಿ ವರ್ಷಗಟ್ಟಲೆ ಓಡಿಸಿದವರೂ ಇದ್ದಾರೆ, ಸುಳ್ಳು ಹೇಳುವುದಿಲ್ಲ. ಆದರೆ ಒಳಗೆ ಏನಾಗಿದೆ ಅಂತ ಅಳೆಯದೆ ಮುಚ್ಚುವ ಕೆಲಸ ಅದು. 92,000 ಮೈಲಿ ನೆಮ್ಮದಿಯಾಗಿ ಓಡಿದ ಬೇರಿಂಗನ್ನು ಯಾಕೆ ಕದಲಿಸಬೇಕು? ಆರ್‌ಪಿಎಂ ಲಿಮಿಟರ್ ಕೆಳಗಿಡಿ, ಬೋಲ್ಟ್ ಬಿಡಿ.

ಇನ್ನೊಂದು ಮಾತು. ಲಿಮಿಟರ್ ಕಾಪಾಡುವುದು ಆಕ್ಸಿಲರೇಟರ್‌ನಿಂದ ಮಾತ್ರ, ತಪ್ಪು ಗೇರ್‌ನಿಂದ ಅಲ್ಲ. ನಿಮ್ಮ ಟಿ56 ಗೇರ್‌ಬಾಕ್ಸ್‌ನಲ್ಲಿ ಎರಡನೆಯದು 1.78, ಮೂರನೆಯದು 1.30. ಮೂರರಲ್ಲಿ 6,200 ಇರುವಾಗ ನಾಲ್ಕಕ್ಕೆ ಎಳೆಯಲು ಹೋಗಿ ಎರಡಕ್ಕೆ ಬಿದ್ದರೆ ಎಂಜಿನ್ 8,500ರ ಹತ್ತಿರ ತಿರುಗುತ್ತದೆ. ಅಷ್ಟರಲ್ಲಿ ಯಾವ ಕಂಪ್ಯೂಟರ್ ಏನೂ ಮಾಡಲಾರದು. ನಾನು ನೋಡಿದ, ರಾಡ್ ಹೊರಗೆ ಬಂದ ಎಲ್‌ಎಸ್‌1 ಬ್ಲಾಕ್‌ಗಳಲ್ಲಿ ಹೆಚ್ಚಿನವು ಹೀಗೇ ಹೋದವು. ನಾಲ್ಕಕ್ಕೆ ಹಾಕುವಾಗ ಗೇರ್ ಲಿವರನ್ನು ನಿಮ್ಮ ಕಡೆಗೆ ಎಳೆದುಕೊಳ್ಳಬೇಡಿ. ಅಂಗೈ ತೆರೆದು ನೇರ ಹಿಂದಕ್ಕೆ ತನ್ನಿ.

ಹಳೇಎಸ್‌ಎಸ್:

ಬೋರಿಂಗ್‌ಬಾರ್ ಅವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ನಾನೂ ಬೋಲ್ಟ್ ಮುಟ್ಟಲಿಲ್ಲ.

ಕ್ಯಾಮ್ ಕೆಲಸದಲ್ಲಿ ಕೈ ಕೊಡುವ ಎರಡು ಜಾಗ ಹೇಳಿಬಿಡುತ್ತೇನೆ. ಒಂದು, ಲಿಫ್ಟರ್ (ಕ್ಯಾಮ್ ಮೇಲೆ ಕೂತು ಪುಶ್‌ರಾಡನ್ನು ಮೇಲಕ್ಕೆ ತಳ್ಳುವುದು). ಪುಶ್‌ರಾಡ್ ತೆಗೆದ ಮೇಲೆ ಕ್ಯಾಮ್ ಒಂದೆರಡು ಸುತ್ತು ತಿರುಗಿಸಿದರೆ ಲಿಫ್ಟರ್‌ಗಳು ಮೇಲಕ್ಕೆ ಹೋಗಿ ಪ್ಲಾಸ್ಟಿಕ್ ಟ್ರೇಯಲ್ಲಿ ನಿಲ್ಲುತ್ತವೆ. ಆದ್ದರಿಂದಲೇ ಹೆಡ್ ಬಿಚ್ಚದೆ ಕ್ಯಾಮ್ ಹೊರಗೆ ಬರುತ್ತದೆ. ಆದರೆ ನಿಮ್ಮ ಟ್ರೇಗೆ ಇಷ್ಟು ವರ್ಷ ಆಗಿದೆ, ಪ್ಲಾಸ್ಟಿಕ್ ಹಿಡಿತ ಸಡಿಲ ಆಗಿರುತ್ತದೆ. 5/16 ಇಂಚಿನ ಎರಡು ಉದ್ದದ ಕಡ್ಡಿಗಳನ್ನು ಮುಂದಿನಿಂದ ಲಿಫ್ಟರ್‌ಗಳ ಕೆಳಗೆ ತೂರಿಸಿ ಇಟ್ಟುಕೊಳ್ಳಿ. ಒಂದು ಲಿಫ್ಟರ್ ಪ್ಯಾನಿಗೆ ಬಿದ್ದರೆ ನಿಮ್ಮ ವಾರ ಹೋಯಿತು.

ಎರಡನೆಯದು ಆಯಿಲ್ ಪಂಪ್. ಇಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಹೇಗೂ ಮುಂದಿನ ಕವರ್ ಬಿಚ್ಚಿದೆ ಅಂತ ಹೊಸ ಪಂಪ್ ಹಾಕಿದೆ. ಪಿಕಪ್ ಪೈಪ್ (ಪ್ಯಾನಿನಿಂದ ಆಯಿಲ್ ಎಳೆಯುವುದು) ಸೇರುವಲ್ಲಿ ಒಂದು ಸಣ್ಣ ಓ-ರಿಂಗ್ ಇರುತ್ತದೆ. ಪೈಪ್ ಓರೆಯಾಗಿ ಹೋಗಿ ಆ ಓ-ರಿಂಗ್ ಅಂಚು ಕತ್ತರಿಸಿಕೊಂಡಿತ್ತು, ನನಗೆ ಗೊತ್ತಾಗಲಿಲ್ಲ. ಪೈಪಿಗೆ ಬೋಲ್ಟ್ ಒಂದೇ, ಅದೂ ಕಣ್ಣಿಗೆ ಕಾಣದ ಮೂಲೆಯಲ್ಲಿ. ಎಂಜಿನ್ ಸ್ಟಾರ್ಟ್ ಆಯಿತು, ತಣ್ಣಗಿರುವಾಗ ಪ್ರೆಶರ್ ಚೆನ್ನಾಗಿತ್ತು. ಬಿಸಿಯಾದ ಮೇಲೆ ಐಡಲ್‌ನಲ್ಲಿ ಮುಳ್ಳು ಇಳಿಯುತ್ತಾ ಬಂತು, ಲಿಫ್ಟರ್ ಟಕ ಟಕ ಅನ್ನಲು ಶುರುವಾಯಿತು. ಪಂಪ್ ಆಯಿಲ್ ಜೊತೆ ಗಾಳಿಯನ್ನೂ ಎಳೆಯುತ್ತಿತ್ತು. ಅದೇ ಕ್ಷಣ ಆಫ್ ಮಾಡಿದೆ. ಮತ್ತೆ ಎಲ್ಲ ಬಿಚ್ಚಿ, ಪ್ಯಾನ್ ಸಡಿಲ ಮಾಡಿ, ಓ-ರಿಂಗ್‌ಗೆ ಆಯಿಲ್ ಸವರಿ, ಪೈಪನ್ನು ಕೈಯಲ್ಲೇ ನೇರವಾಗಿ ಕೂರಿಸಿ, ಆಮೇಲೆ ಬೋಲ್ಟ್ ಬಿಗಿದೆ. ಓ-ರಿಂಗ್‌ನಲ್ಲಿ ಬೇರೆ ಬೇರೆ ದಪ್ಪ ಇವೆ, ನಿಮ್ಮ ಪೈಪಿಗೆ ಸರಿಹೋಗುವುದನ್ನೇ ತನ್ನಿ. ಆವತ್ತು ಇನ್ನು ಐದು ನಿಮಿಷ ಓಡಿಸಿದ್ದರೆ ಇವತ್ತು ನಾನು ಸ್ಟಾಕ್ ಬಾಟಮ್ ಎಂಡ್ ಬಗ್ಗೆ ಬರೆಯುತ್ತಿರಲಿಲ್ಲ.

ಕ್ರ್ಯಾಂಕ್ ಪುಲ್ಲಿ ಬೋಲ್ಟ್ ಒಮ್ಮೆ ಬಿಗಿದರೆ ಮುಗಿಯಿತು, ಮತ್ತೆ ಬಳಸುವಂತಿಲ್ಲ. ಹಳೆಯದರಲ್ಲಿ 240 ಪೌಂಡ್-ಫೀಟ್ ಕೊಟ್ಟು ಪುಲ್ಲಿ ಕೂರಿಸಿ, ಅದನ್ನು ತೆಗೆದು ಹೊಸದು ಹಾಕಿ, 37 ಪೌಂಡ್-ಫೀಟ್ ಮತ್ತು ಅದರ ಮೇಲೆ 140 ಡಿಗ್ರಿ.

ಕಂಪ್ಯೂಟರ್ ಟ್ಯೂನ್‌ಗೆ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಇಟ್ಟು ಲಾಗ್ ಮಾಡಿಸಿ. ಪೂರ್ತಿ ಥ್ರಾಟಲ್‌ನಲ್ಲಿ 12.8ರ ಹತ್ತಿರ ಏರ್-ಫ್ಯುಯಲ್, 26 ಡಿಗ್ರಿ ಟೈಮಿಂಗ್, 93 ಆಕ್ಟೇನ್. ಟ್ಯೂನ್ ಮಾಡುವವರು ಕೊನೆಯ ಎರಡು ಡಿಗ್ರಿ ಏರಿಸಿ ಮೂರ್ನಾಲ್ಕು ಎಚ್‌ಪಿ ತೋರಿಸುತ್ತೇವೆ ಅಂದರೆ ಬೇಡ ಅನ್ನಿ. ಬೇಸಿಗೆ ಮಧ್ಯಾಹ್ನದ ಟ್ರಾಫಿಕ್‌ನಲ್ಲಿ ಎಂಜಿನ್ ಬಿಸಿಯಾದಾಗ, ಏರಿಸದೆ ಬಿಟ್ಟ ಆ ಎರಡು ಡಿಗ್ರಿ ನಿಮ್ಮ ಪಿಸ್ಟನ್ ಉಳಿಸುತ್ತದೆ. ಲಾಗ್‌ನಲ್ಲಿ ನಾಕ್ ರಿಟಾರ್ಡ್ (ನಾಕ್ ಕೇಳಿ ಕಂಪ್ಯೂಟರ್ ಟೈಮಿಂಗ್ ಹಿಂದಕ್ಕೆ ಎಳೆದದ್ದು) ಕಂಡರೆ ಕಾರಣ ಹುಡುಕಿ, ಸೆನ್ಸರ್ ಸೂಕ್ಷ್ಮತೆ ಇಳಿಸಿ ಮುಚ್ಚಿಹಾಕಲು ಬಿಡಬೇಡಿ. ಹೆಡರ್ ಎಲ್ಲಾದರೂ ತಾಗುತ್ತಿದ್ದರೂ ಸುಳ್ಳು ನಾಕ್ ಬರುತ್ತದೆ.

ನಿಮ್ಮ ರಾಜ್ಯದಲ್ಲಿ ಸ್ಮಾಗ್ ಟೆಸ್ಟ್ (ಹೊಗೆ ತಪಾಸಣೆ) ಇದ್ದರೆ ಪಾರ್ಟ್ ಕೊಳ್ಳುವ ಮೊದಲೇ ನಿಯಮ ನೋಡಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಕಾರ್ಬ್‌ನ (ಅಲ್ಲಿನ ವಾಯು ಮಂಡಳಿಯ) ಇಓ ಅನುಮತಿ ನಂಬರ್ ಇಲ್ಲದ ಹೆಡರ್ ಹಾಕಿದರೆ ಟೆಸ್ಟ್‌ನಲ್ಲಿ ನಿಲ್ಲಿಸುತ್ತಾರೆ. ಮತ್ತೆ ಹಿಂದಿನ 10 ಬೋಲ್ಟ್ ಆಕ್ಸಲ್ ನೆನಪಿರಲಿ. ಎಂಜಿನ್‌ಗಿಂತ ಮೊದಲು ಅದೇ ಹೋಗುತ್ತದೆ. ಡ್ರ್ಯಾಗ್ ರೇಡಿಯಲ್ (ಹೆಚ್ಚು ಹಿಡಿತದ ರೇಸ್ ಟೈರ್) ಹಾಕಿ 5,000ದಲ್ಲಿ ಕ್ಲಚ್ ಬಿಟ್ಟರೆ ಹಲ್ಲು ಉದುರುತ್ತದೆ. ಮಾಮೂಲಿ ಟೈರ್ ಸ್ವಲ್ಪ ಜಾರಿದರೆ ಒಳ್ಳೆಯದೇ.

ಕೆಂಪುಜಡ್28:

ನಿನ್ನೆ ಸಂಜೆ ಕಂಪ್ರೆಷನ್ ಟೆಸ್ಟ್ ಮಾಡಿದೆ. ಎಂಟೂ ಸಿಲಿಂಡರ್ 178ರಿಂದ 186 ಪಿಎಸ್‌ಐ ಒಳಗಿವೆ. ಏಳನೆಯದು ಎಲ್ಲಕ್ಕಿಂತ ಕಡಿಮೆ, ಆದರೂ 178. ಮನಸ್ಸಿಗೆ ಧೈರ್ಯ ಬಂತು.

ಬೋಲ್ಟ್ ಮುಟ್ಟುವುದಿಲ್ಲ. 224 ಕ್ಯಾಮ್, ಡ್ಯುಯಲ್ ಸ್ಪ್ರಿಂಗ್, ದೊಡ್ಡ ಇಂಜೆಕ್ಟರ್, ಲಿಮಿಟರ್ 6,400. ಹೆಡರ್ ಮೊದಲು, ಉಳಿದದ್ದು ದುಡ್ಡು ಕೂಡಿದ ಹಾಗೆ. ಆಯಿಲ್ ಪಂಪ್ ಈಗ ಚೆನ್ನಾಗಿದೆ, ಬಿಸಿ ಐಡಲ್‌ನಲ್ಲೂ ಪ್ರೆಶರ್ 35 ಪಿಎಸ್‌ಐ ತೋರಿಸುತ್ತದೆ. ಹಾಗಿದ್ದರೆ ಅದನ್ನು ಹಾಗೇ ಬಿಡಲಾ ಸರ್, ಅಥವಾ ಕವರ್ ಬಿಚ್ಚಿದಾಗ ಬದಲಿಸಿಯೇ ಬಿಡಲಾ?

ಹಳೇಎಸ್‌ಎಸ್:

35 ಇದ್ದರೆ ಬಿಡಿ. ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನ್ ಮಾತ್ರ ಹೊಸದು ಹಾಕಿ.